ಹಾಡಿನ ಜೊತೆ ಹೆಸರೂ ಕಳುವಾಯಿತು: ಸಂಸ್ಕೃತಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕನ್ನಡ ಮತ್ತು ಸಂಸ್ಕೃತಿ ಸಚಿವರೇ,

ನಮಸ್ಕಾರ. ನಾನು ಹಾವೇರಿಯವನು. ಹದಿನೆಂಟು ವರ್ಷ ಕ್ಯಾಸೆಟ್ ಅಂಗಡಿ ನಡೆಸಿದವನು. ನಮ್ಮೂರಿನ ಗೀಗೀ ಪದದ ಹಾಡುಗಾರ್ತಿಯೊಬ್ಬರ ಪರವಾಗಿ ಈ ಪತ್ರ.

ಹೋದ ದೀಪಾವಳಿಗೆ ಅವರ ಮನೆಗೆ ಹೋಗಿದ್ದೆ. ಮೊಮ್ಮಗ ಮೊಬೈಲಿನಲ್ಲಿ ಒಂದು ಪದ ಹಚ್ಚಿದ. ರೊಟ್ಟಿ ಬಡಿಯುತ್ತಿದ್ದ ಅಜ್ಜಿ ಕೈ ನಿಲ್ಲಿಸಿದರು. "ಇದು ನನ್ನ ದನಿ ಅಲ್ಲೇನೋ?" ಅಂದರು. ಹೌದು, ಅವರದೇ. 1998ರಲ್ಲಿ ಹುಬ್ಬಳ್ಳಿಗೆ ಹೋಗಿ ಹಾಡಿಬಂದ ಕ್ಯಾಸೆಟ್. ಅದರಲ್ಲಿ ತುಂತುಣಿ ಮೀಟಿದವರು ಅವರ ಯಜಮಾನರು, ಈಗ ಇಲ್ಲ. ಪದಕ್ಕಿಂತ ಮೊದಲು ಜಾಹೀರಾತು ಬಂದಿತ್ತು. ಪರದೆ ಮೇಲೆ ಯಾವುದೋ ಚಾನೆಲ್‌ನ ಮುದ್ರೆ. ಹಾಡಿದವರ ಹೆಸರಿನ ಜಾಗದಲ್ಲಿ ಬರೀ 'ಜಾನಪದ ಗೀತೆ'.

ಈ ಹೆಸರು ಅಳಿಸಿದ್ದು ಒಂದೇ ದಿನದಲ್ಲಲ್ಲ, ಕಣ್ಣಾರೆ ನೋಡಿದ್ದೇನೆ. ಅಸಲಿ ಕ್ಯಾಸೆಟ್‌ನ ಒಳಗಿನ ಚೀಟಿಯಲ್ಲಿ ಹಾಡಿದವರು, ಮೇಳದವರು, ತಾಳ ಹಾಕಿದವರವರೆಗೆ ಎಲ್ಲರ ಹೆಸರಿರುತ್ತಿತ್ತು. ನಕಲಿ ಕ್ಯಾಸೆಟ್ ಬಂದಾಗ ಕಲರ್ ಜೆರಾಕ್ಸ್ ಮಾಡಿದ ಮುಂಭಾಗ ಮಾತ್ರ ಉಳಿಯಿತು. ಆಮೇಲೆ ನೂರಾರು ಹಾಡು ತುಂಬಿದ ಎಂಪಿ3 ಸಿಡಿ. ಅದರ ಮೇಲೆ ಹೀರೋ ಫೋಟೋ ಮಾತ್ರ. ಕೊನೆಗೆ ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡ್‌ಗೆ ಹಾಡು ಹಾಕಿಸಿಕೊಳ್ಳುವ ಕಾಲ. ಅಲ್ಲಿ ಅಜ್ಜಿಯ ಪದ 'ಟ್ರ್ಯಾಕ್ 07' ಆಗಿತ್ತು. ನಾನೂ ಒಂದು ವರ್ಷ ಅಂಥ ಸಿಡಿ ಮಾರಿದ್ದೇನೆ. ಆ ತಪ್ಪು ನನ್ನ ಮೇಲಿದೆ.

ಇದು ಹಾವೇರಿಯ ಕಥೆಯಷ್ಟೇ ಅಲ್ಲ. 1999ರಲ್ಲಿ ಅಮೆರಿಕದಲ್ಲಿ, ಇಂಟರ್ನೆಟ್‌ನಲ್ಲಿ ಜನ ಒಬ್ಬರಿಗೊಬ್ಬರು ಪುಕ್ಕಟೆಯಾಗಿ ಹಾಡು ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಶುರುವಾಯಿತು. ರೆಕಾರ್ಡಿಂಗ್ ಕಂಪನಿಗಳ ಜಾಗತಿಕ ಒಕ್ಕೂಟ ಐಎಫ್‌ಪಿಐ ಲೆಕ್ಕದಲ್ಲಿ ಆ ವರ್ಷ ಉದ್ಯಮದ ಆದಾಯ 2,200 ಕೋಟಿ ಡಾಲರ್‌ಗಿಂತ ಜಾಸ್ತಿ. 2014ಕ್ಕೆ ಅದು 1,500 ಕೋಟಿಗಿಂತ ಕೆಳಗಿಳಿಯಿತು. ಆಮೇಲೆ ಸ್ಟ್ರೀಮಿಂಗ್, ಅಂದರೆ ನೆಟ್‌ನಲ್ಲೇ ಹಾಡು ಕೇಳಿಸುವ ಸೇವೆ, ಬಂದು ಕೈಹಿಡಿಯಿತು. 2024ರಲ್ಲಿ ಸುಮಾರು 2,960 ಕೋಟಿ ಡಾಲರ್. ಹೋದ ದುಡ್ಡು ವಾಪಸ್ ಬಂತು, ಆದರೆ ಹಾಡಿನ ಹಕ್ಕಿನ ಕಾಗದಪತ್ರ ಇಟ್ಟುಕೊಂಡಿದ್ದ ದೊಡ್ಡ ಕಂಪನಿಗಳಿಗೆ. ಅಷ್ಟರಲ್ಲಿ ನಮ್ಮ ಕಡೆಯ ಎಷ್ಟೋ ಸಣ್ಣ ಕಂಪನಿಗಳು ಬಾಗಿಲು ಹಾಕಿದ್ದವು. ಹೆಸರೇ ಇಲ್ಲದ ದನಿಗೆ ಯಾರು ಲೆಕ್ಕ ಕೊಡುತ್ತಾರೆ?

ಕಾನೂನು ಇಲ್ಲ ಅನ್ನುವಂತಿಲ್ಲ. 2014ರಲ್ಲಿ ನಮ್ಮ ರಾಜ್ಯ ಗೂಂಡಾ ಕಾಯ್ದೆಗೇ ಡಿಜಿಟಲ್ ಅಪರಾಧಿಗಳನ್ನು, ಅಂದರೆ ಹಾಡು, ಸಿನಿಮಾ ಕದ್ದು ಮಾರುವಂಥವರನ್ನು, ಸೇರಿಸಿತು. ಸಿನಿಮಾದವರು ಅದನ್ನು ಹಿಡಿದು ಪೊಲೀಸ್ ಠಾಣೆಗೆ ಹೋಗಬಲ್ಲರು. ನಮ್ಮ ಅಜ್ಜಿ ಏನು ಹಿಡಿದು ಹೋಗಬೇಕು? ಪದ ಹಳೆಯದು, ಅದಕ್ಕೆ ಒಡೆಯರಿಲ್ಲ, ಒಪ್ಪುತ್ತೇನೆ. ಆದರೆ ಹಾಡಿದವರಿಗೂ ಹಕ್ಕುಂಟು ಎಂದು 1994ರಲ್ಲೇ ಕಾಪಿರೈಟ್ ಕಾಯ್ದೆಗೆ ಸೇರಿಸಿದ್ದಾರೆ. ಈಗ ಅದರ ಅವಧಿ 50 ವರ್ಷ. 2012ರ ತಿದ್ದುಪಡಿಯಲ್ಲಿ ರಾಯಲ್ಟಿಯ, ಅಂದರೆ ಹಾಡಿನಿಂದ ಬರುವ ದುಡ್ಡಿನಲ್ಲಿ ಹಾಡಿದವರ ಪಾಲಿನ, ಮಾತೂ ಬಂತು. ಇದನ್ನೆಲ್ಲ ಅವರಿಗೆ ಇದುವರೆಗೆ ಯಾರೂ ಹೇಳಿಲ್ಲ, ಸರ್.

ಗೂಂಡಾ ಕಾಯ್ದೆಯಲ್ಲಿ ಇನ್ನೊಬ್ಬ ಮೊಬೈಲ್ ಅಂಗಡಿ ಹುಡುಗನನ್ನು ಒಳಗೆ ಹಾಕಿ ಅಂತ ನಾನು ಕೇಳುತ್ತಿಲ್ಲ. ಮಾಸಾಶನ ಪಡೆಯುವ ಕಲಾವಿದರ ಪಟ್ಟಿ ನಿಮ್ಮ ಇಲಾಖೆಯಲ್ಲಿದೆ ಅಲ್ವಾ? ಅದಕ್ಕೆ ಒಂದು ಕಾಲಂ ಸೇರಿಸಿ: ಯಾವ ವರ್ಷ, ಎಲ್ಲಿ, ಯಾವ ಕಂಪನಿಗೆ ಹಾಡಿದ್ದಾರೆ, ಹಿಮ್ಮೇಳದಲ್ಲಿ ಯಾರಿದ್ದರು. ಪ್ರತಿ ಜಿಲ್ಲೆಯ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ, ಕಲಾವಿದರ ಪರವಾಗಿ ಚಾನೆಲ್‌ಗಳಿಗೆ ನೋಟಿಸ್ ಬರೆಯಬಲ್ಲ ಒಬ್ಬರನ್ನು ಕೂರಿಸಿ. ಜಾನಪದ ಅಕಾಡೆಮಿಯವರು ಹಳೆಯ ಕ್ಯಾಸೆಟ್‌ಗಳನ್ನು ಹೆಸರಿನ ಸಮೇತ ಉಳಿಸಲಿ. ಇದನ್ನು ಬೇಗ ಮಾಡಬೇಕು. ನಾನು ಬಲ್ಲ ಮೇಳಗಳಲ್ಲಿ ಎಲ್ಲರೂ ಎಪ್ಪತ್ತು ದಾಟಿದವರು.

ಅಂಗಡಿ ಮುಚ್ಚಿದಾಗ ಮುನ್ನೂರಕ್ಕೂ ಹೆಚ್ಚು ಅಸಲಿ ಕ್ಯಾಸೆಟ್‌ಗಳನ್ನು ಟ್ರಂಕಿನಲ್ಲಿ ಕಟ್ಟಿಟ್ಟಿದ್ದೆ. ಹುಳ ಹಿಡಿಯದ ಹಾಗೆ ಬೇವಿನ ಎಲೆ ಹಾಕಿ ನೋಡಿಕೊಂಡಿದ್ದೇನೆ. ಒಳಗಿನ ಚೀಟಿಗಳು ಇನ್ನೂ ಓದುವ ಹಾಗಿವೆ. ನಿಮ್ಮ ಕಚೇರಿಯಿಂದ ಒಂದು ಮಾತು ಬಂದರೆ ಸಾಕು, ನಾನೇ ತಂದುಕೊಡುತ್ತೇನೆ. ಅಜ್ಜಿಯನ್ನೂ ಕರೆತರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಹಾವೇರಿಯ ಒಬ್ಬ ಹಳೆಯ ಕ್ಯಾಸೆಟ್ ಅಂಗಡಿಯವನು