ಒಂದೇ ಹೆಸರಿನ ಎರಡು ಸಿನಿಮಾ: ನಿಮ್ಮ ರೇಟಿಂಗ್ ಒಮ್ಮೆ ನೋಡಿಕೊಳ್ಳಿ

ಆತ್ಮೀಯ ಚಂದಾದಾರರೇ,

ಬರುವ ಮಂಗಳವಾರ ರಾತ್ರಿ 11ರಿಂದ ಬುಧವಾರ ಬೆಳಗ್ಗೆ 5ರವರೆಗೆ ನಮ್ಮ ಸಿನಿಮಾ ಆ್ಯಪ್ ಬಂದ್ ಇರುತ್ತದೆ. ಹೊಸ ಚಿತ್ರಗಳು ಶುಕ್ರವಾರ ಬರುತ್ತವೆ. ಆ ಹೊತ್ತಿನಲ್ಲಿ ಸರ್ವರ್ ಮುಟ್ಟುವ ಧೈರ್ಯ ನಮಗಿಲ್ಲ, ಅದಕ್ಕೇ ಮಂಗಳವಾರ. ಮತ್ತೆ ತೆರೆದಾಗ ನೋಡಲು ಎಲ್ಲ ಮೊದಲಿನಂತೆಯೇ ಇರುತ್ತದೆ. ಬದಲಾಗುವುದು ಒಳಗಿನ ಬ್ಯಾಕೆಂಡ್, ಅಂದರೆ ನಿಮ್ಮ ಕಣ್ಣಿಗೆ ಕಾಣದಂತೆ ಹಿಂದೆ ಮಾಹಿತಿ ಕೂಡಿಟ್ಟು ಆ್ಯಪ್ ನಡೆಸುವ ವ್ಯವಸ್ಥೆ.

ಇಷ್ಟು ದಿನ ನಮ್ಮ ಡೇಟಾಬೇಸ್ ಸಿನಿಮಾವನ್ನು ಹೆಸರಿನಿಂದಲೇ ಗುರುತಿಸುತ್ತಿತ್ತು. ಚಿತ್ರಗಳು ಕಡಿಮೆ ಇದ್ದಾಗ ಅಷ್ಟು ಸಾಕಿತ್ತು. ಈಗ ಹಳೆಯದು, ಹೊಸದು ಎಲ್ಲ ಸೇರಿದೆ. ‘ರಂಗನಾಯಕಿ’ 1981ರಲ್ಲೂ ಬಂದಿದೆ, 2019ರಲ್ಲೂ ಬಂದಿದೆ. ‘ನಾಗರಹಾವು’ ಅಂದರೆ 1972ರ ಪುಟ್ಟಣ್ಣ ಕಣಗಾಲರದ್ದೋ, 2016ರದ್ದೋ? ಹೀರೋ ಹೆಸರು ನೋಡಿದರಾಯ್ತು ಅಲ್ವಾ ಅಂತೀರಿ. ಅದೂ ಆಗುವುದಿಲ್ಲ. 2009ರಲ್ಲಿ ತೀರಿಕೊಂಡ ವಿಷ್ಣುವರ್ಧನ್ ಅವರನ್ನು ಗ್ರಾಫಿಕ್ಸ್ ಮೂಲಕ 2016ರ ಚಿತ್ರದಲ್ಲೂ ತೆರೆಗೆ ತಂದಿದ್ದರು!

ಹಾಗಾಗಿ ಪ್ರತಿ ಸಿನಿಮಾಕ್ಕೂ ಒಂದು ನಂಬರ್ ಕೊಟ್ಟಿದ್ದೇವೆ. ನಿಮ್ಮ ರೇಟಿಂಗ್, ವಿಮರ್ಶೆ, ‘ನೋಡಬೇಕು’ ಪಟ್ಟಿ ಎಲ್ಲವೂ ಇನ್ನು ಆ ನಂಬರಿಗೇ ಸೇರುತ್ತವೆ. ಕಲಾವಿದರಿಗೂ ಹೀಗೇ. ಮೊದಲು ತಾರಾಗಣವನ್ನು ಒಂದೇ ಸಾಲಿನಲ್ಲಿ ಕಾಮಾ ಹಾಕಿ ಬರೆದಿಡುತ್ತಿದ್ದೆವು. ಈಗ ಕಲಾವಿದರಿಗೆ ಒಂದು ಟೇಬಲ್ (ಸಾಲು, ಕಾಲಂಗಳ ಪಟ್ಟಿ), ಸಿನಿಮಾಗಳಿಗೆ ಇನ್ನೊಂದು. ಯಾರು ಯಾವ ಚಿತ್ರದಲ್ಲಿ ಯಾವ ಪಾತ್ರ ಅನ್ನುವುದಕ್ಕೆ ಮೂರನೆಯದು. ಅಂಬರೀಶ್ ಹೆಸರು ಒತ್ತಿದರೆ ಮೊದಲ ಚಿತ್ರದ ಜಲೀಲನಿಂದ ಹಿಡಿದು ಪಾತ್ರಗಳು ಸಾಲಾಗಿ ಬರುತ್ತವೆ.

ಇಲ್ಲಿ ನಿಮ್ಮಿಂದ ಒಂದು ಕೆಲಸ ಆಗಬೇಕು. ಒಂದೇ ಹೆಸರಿನ ಚಿತ್ರಗಳಿಗೆ ನೀವು ಹಿಂದೆ ಕೊಟ್ಟ ರೇಟಿಂಗ್ ಯಾವುದಕ್ಕೆ ಸೇರಬೇಕು ಅಂತ ಆ್ಯಪ್ ಕೇಳುತ್ತದೆ. ಪೋಸ್ಟರ್ ನೋಡಿ ಒಂದನ್ನು ಒತ್ತಿ. ಐದು ಸ್ಟಾರ್ ಕೊಟ್ಟಿದ್ದರೆ ಹಳೆಯದಕ್ಕೇ ಇರಬೇಕು ಅಂತ ನಾವೇ ಊಹಿಸಿ ಹಾಕಬಹುದಿತ್ತು. ಬೇಡ ಅನ್ನಿಸಿತು. ನೀವು ಹೇಳುವವರೆಗೆ ಆ ರೇಟಿಂಗ್ ನಿಮ್ಮ ಖಾತೆಯಲ್ಲೇ ಇರುತ್ತದೆ, ಸರಾಸರಿ ಲೆಕ್ಕಕ್ಕೆ ಬರುವುದಿಲ್ಲ.

ಹುಡುಕುವುದೂ ಸುಲಭವಾಗುತ್ತದೆ. ‘ರಾಜ್‌ಕುಮಾರ್’ ಅಂತ ಟೈಪ್ ಮಾಡುವಾಗ ಜ ಅಕ್ಷರಕ್ಕೆ ಕ ಒತ್ತು ಬೀಳದಿರಲಿ ಅಂತ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಕೂರುತ್ತದೆ. ಅದು ಇಲ್ಲದಿದ್ದರೆ ‘ರಾಜ್ಕುಮಾರ್’ ಆಗಿಬಿಡುತ್ತದೆ. ಓದುವವರಿಗೆ ಇಬ್ಬರೂ ಒಬ್ಬರೇ, ಕಂಪ್ಯೂಟರಿಗೆ ಬೇರೆ ಬೇರೆ. ಇನ್ನು ಮುಂದೆ ಆ ಗುರುತನ್ನು ಬಿಟ್ಟು ಹೋಲಿಸಿ ನೋಡುತ್ತೇವೆ. ಹೇಗೆ ಬರೆದರೂ ಅಣ್ಣಾವ್ರು ಸಿಗುತ್ತಾರೆ.

ಬುಧವಾರ ಎಲ್ಲರೂ ಒಮ್ಮೆ ಮತ್ತೆ ಲಾಗಿನ್ ಆಗಬೇಕು. ಪಾಸ್‌ವರ್ಡ್ ಹಳೆಯದೇ. ಅದನ್ನು ಹ್ಯಾಶ್ ಮಾಡಿ, ಅಂದರೆ ಮತ್ತೆ ಮೂಲರೂಪಕ್ಕೆ ತಿರುಗಿಸಲಾಗದ ಅಕ್ಷರಗಳ ಸಾಲಾಗಿ ಬದಲಿಸಿ ಇಡುವುದರಿಂದ ನಮಗೂ ಓದಲು ಬರುವುದಿಲ್ಲ. ಯಾರಾದರೂ ನಮ್ಮ ಹೆಸರು ಹೇಳಿ ಪಾಸ್‌ವರ್ಡ್, ಓಟಿಪಿ ಕೇಳಿದರೆ ಸುಮ್ನೆ ಫೋನ್ ಇಟ್ಟುಬಿಡಿ.

ಚಂದಾ ಜಾಸ್ತಿ ಮಾಡಿಲ್ಲ. ಬುಧವಾರದ ನಂತರ ನಿಮ್ಮ ಪಟ್ಟಿಯಲ್ಲಿ ಯಾವುದಾದರೂ ಚಿತ್ರ ಕಾಣದಿದ್ದರೆ ಆ್ಯಪ್‌ನ ‘ಸಹಾಯ’ ಬಟನ್ ಒತ್ತಿ, ಚಿತ್ರದ ಹೆಸರಿನ ಜೊತೆ ವರ್ಷವನ್ನೂ ಬರೆದು ಕಳಿಸಿ.

ಇಂತಿ,
ಆ್ಯಪ್ ತಂಡ, ಬೆಂಗಳೂರು