ಚಪ್ಪಲಿ ಬಿಡುವ ಜಾಗದಲ್ಲಿ ನಿಂತ ಮಕ್ಕಳಿಗಾಗಿ: ನಮ್ಮ ಸಂಡೇ ಸ್ಕೂಲಿನ ಮನವಿ

ಸಭೆಯ ಪ್ರಿಯರೇ, ವಂದನೆಗಳು.

ಹೋದ ತಿಂಗಳು ಒಂದು ಭಾನುವಾರ. ಹಾಡು ಶುರುವಾಗಿತ್ತು. ಒಬ್ಬ ಹುಡುಗಿ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಚಪ್ಪಲಿ ಬಿಡುವ ಜಾಗದಲ್ಲೇ ನಿಂತಿದ್ದಳು. ಒಳಗೆ ಬಾಮ್ಮ ಅಂದೆ. "ಬಟ್ಟೆ ಚೆನ್ನಾಗಿಲ್ಲ ಟೀಚರ್" ಅಂದಳು. ಫ್ರಾಕಿನ ಬೆನ್ನಿಗೆ ಗುಂಡಿ ಇರಲಿಲ್ಲ, ಎರಡು ಪಿನ್ನು ಚುಚ್ಚಿಕೊಂಡಿದ್ದಳು.

ಇಂಗ್ಲೆಂಡಿನಲ್ಲಿ ಸಂಡೇ ಸ್ಕೂಲ್ ಬೆಳೆದದ್ದೇ ಬಡ ಮಕ್ಕಳಿಗಾಗಿ. 1780ರಲ್ಲಿ ಗ್ಲಾಸ್ಟರ್ ಊರಿನ ರಾಬರ್ಟ್ ರೈಕ್ಸ್ ಶುರು ಮಾಡಿದಾಗ, ವಾರವಿಡೀ ದುಡಿಯುವ ಮಕ್ಕಳಿಗೆ ಭಾನುವಾರ ಒಂದೇ ಬಿಡುವು. ಸತ್ಯವೇದ, ಅಂದರೆ ಬೈಬಲ್ ಓದುತ್ತಲೇ ಅಕ್ಷರ ಕಲಿತರು. ಆದರೆ ಬರುಬರುತ್ತಾ ಅಲ್ಲಿಗೂ ಒಳ್ಳೆಯ ಬಟ್ಟೆ ಬೇಕಾಯಿತು. ಲಂಡನ್ನಿನ ಗಲ್ಲಿಗಳ ಬರಿಗಾಲಿನ ಮಕ್ಕಳು ಹೊರಗೇ ಉಳಿದರು. ಅವರಿಗಾಗಿ ಹುಟ್ಟಿದ್ದು ರ‍್ಯಾಗ್ಡ್ ಸ್ಕೂಲ್, ಅಂದರೆ ಹರಕು ಬಟ್ಟೆಯವರ ಶಾಲೆ. ಹೇಗಿದ್ದೀರೋ ಹಾಗೇ ಬನ್ನಿ ಅಂತ ಹೆಸರಲ್ಲೇ ಹೇಳಿಬಿಟ್ಟಿದ್ದರು. 1844ರಲ್ಲಿ ಇಂಥ ಶಾಲೆಗಳೆಲ್ಲ ಸೇರಿ ಒಂದು ಒಕ್ಕೂಟ ಮಾಡಿಕೊಂಡವು. ಮುಂದೆ ಶಾಫ್ಟ್ಸ್‌ಬರಿ ಪ್ರಭು ಎಂದು ಹೆಸರಾದವರು ಅದರ ಬೆನ್ನಿಗೆ ನಿಂತರು. ಕಲಿಸುವವರಲ್ಲಿ ಹೆಚ್ಚಿನವರಿಗೆ ಸಂಬಳವಿರಲಿಲ್ಲ. ಹಗಲೆಲ್ಲ ತಮ್ಮ ಕೆಲಸ ಮುಗಿಸಿ ಸಂಜೆ ಬರುತ್ತಿದ್ದರು.

ನನಗೆ ಜಾಸ್ತಿ ಹತ್ತಿರವಾದವರು ಈ ಒಕ್ಕೂಟಕ್ಕೂ ಮೊದಲಿನ ಜಾನ್ ಪೌಂಡ್ಸ್. ಪೋರ್ಟ್ಸ್‌ಮತ್ ಬಂದರಿನಲ್ಲಿ ಬೂಟು ರಿಪೇರಿ ಮಾಡುತ್ತಿದ್ದರು. ಹುಡುಗನಾಗಿದ್ದಾಗ ಹಡಗು ಕಟ್ಟುವ ಕಡೆ ಬಿದ್ದು ಮೈ ಊನವಾಗಿತ್ತು. ಮೊಳೆ ಹೊಡೆಯುತ್ತಲೇ ಆ ಇಕ್ಕಟ್ಟಿನ ಅಂಗಡಿಯಲ್ಲಿ ಮೂವತ್ತು ನಲವತ್ತು ಮಕ್ಕಳಿಗೆ ಬಿಟ್ಟಿಯಾಗಿ ಪಾಠ ಹೇಳಿದರು. ಬಾರದ ಹುಡುಗರ ಹಿಂದೆ ಬಿಸಿ ಆಲೂಗೆಡ್ಡೆ ಹಿಡಿದು ಹೋಗುತ್ತಿದ್ದರಂತೆ! 1839ರಲ್ಲಿ ತೀರಿಕೊಂಡರು. ಹೊಟ್ಟೆ ಹಸಿದ ಮಗುವಿಗೆ ದೇವರ ವಾಕ್ಯ ಕಿವಿಗೆ ಬೀಳುವುದಿಲ್ಲ ಅಂತ ಅವರಿಗೆ ಗೊತ್ತಿತ್ತು, ಅಲ್ವಾ?

ನಮ್ಮ ಸಂಡೇ ಸ್ಕೂಲಿನ ಹಾಲ್‌ಗೂ ಈಗ ಹಿಂದಿನ ಗಲ್ಲಿಯಿಂದ, ಕಟ್ಟಡ ಕೆಲಸದವರ ಶೆಡ್ಡುಗಳಿಂದ ಮಕ್ಕಳು ಬರುತ್ತಿದ್ದಾರೆ. ಎಷ್ಟೋ ಮಕ್ಕಳು ಬೆಳಿಗ್ಗೆ ಏನೂ ತಿಂದಿರುವುದಿಲ್ಲ. ಭಾನುವಾರ ಪಾಠಕ್ಕೆ ಮುಂಚೆ ಉಪ್ಪಿಟ್ಟು, ಹಾಲು ಕೊಡಬೇಕು ಅಂತಿದ್ದೇವೆ. ವಾರದಲ್ಲಿ ಎರಡು ಸಂಜೆ ಓದು, ಲೆಕ್ಕವನ್ನೂ ಹೇಳಿಕೊಡುತ್ತೇವೆ. ಅದಕ್ಕೆ ಚಾಪೆ, ಸ್ಲೇಟು, ಎರಡು ಟ್ಯೂಬ್‌ಲೈಟ್ ಬೇಕು. ಕಲಿಸುವ ನಾವ್ಯಾರೂ ಹಣ ತೆಗೆದುಕೊಳ್ಳುವುದಿಲ್ಲ.

ಒಂದು ಭಾನುವಾರದ ತಿಂಡಿಯ ಖರ್ಚನ್ನು ನಿಮ್ಮ ಮನೆಯವರ ಹುಟ್ಟುಹಬ್ಬದ ಹೆಸರಲ್ಲಿ ವಹಿಸಿಕೊಳ್ಳಬಹುದು. ಐವತ್ತು ರೂಪಾಯಿ ಕೊಟ್ಟರೂ ರಸೀದಿ ಕೊಡುತ್ತೇವೆ. ಲೆಕ್ಕವನ್ನು ಪ್ರತಿ ತಿಂಗಳು ನೋಟೀಸ್ ಬೋರ್ಡಿಗೆ ಹಾಕುತ್ತೇವೆ. ಆರಾಧನೆ ಮುಗಿದ ಮೇಲೆ ಹಾಲ್‌ನ ಬಾಗಿಲ ಹತ್ತಿರ ರಸೀದಿ ಪುಸ್ತಕ ಇಟ್ಟುಕೊಂಡು ಕೂತಿರುತ್ತೇವೆ.

ಮಕ್ಕಳ ಬಟ್ಟೆ ಕೊಡುವವರು ದಯವಿಟ್ಟು ಒಗೆದು, ಗುಂಡಿ ಹೊಲಿದು ತನ್ನಿ.