ನಮಗೂ ಒಂದು ಮಧ್ಯಾಹ್ನ ಕೂರಿಸಿ ಹೇಳಿಕೊಡಿ: ಚಿತ್ರದುರ್ಗದ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರಗಳು.

ನಾನು 31 ವರ್ಷ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ಫೈಲು ಎಲ್ಲಿ ಮಲಗುತ್ತೆ, ಯಾಕೆ ಮಲಗುತ್ತೆ, ಯಾರು ತಟ್ಟಿದರೆ ಏಳುತ್ತೆ ಅಂತ ಚೆನ್ನಾಗಿ ಗೊತ್ತು. ಅದಕ್ಕೇ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ಇನ್ನು ಆಗಲ್ಲ, ಬರೆಯುತ್ತಿದ್ದೇನೆ.

ವಿಷಯ ಸಣ್ಣದು: ನಿರಾಶ್ರಿತರನ್ನು ಮನೆಯಲ್ಲಿ ಇಟ್ಟುಕೊಂಡ ನನ್ನಂಥವರಿಗೆ ಒಂದು ಮಧ್ಯಾಹ್ನದ ತರಬೇತಿ ಬೇಕು. ನಮ್ಮ ಮನೆಯ ಮಹಡಿ ರೂಮಿನಲ್ಲಿ ಒಬ್ಬ ಟಿಬೆಟಿಯನ್ ಹುಡುಗಿ ಇದ್ದಾಳೆ. ನರ್ಸಿಂಗ್ ಓದುತ್ತಿದ್ದಾಳೆ. ಅವಳ ಅಪ್ಪ ಅಮ್ಮ ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನವರು. ಪ್ರತಿ ಚಳಿಗಾಲದಲ್ಲಿ ಇಲ್ಲಿಗೆ ಸ್ವೆಟರ್ ಮಾರೋಕೆ ಬರುತ್ತಾರೆ, ಬಂದಾಗಲೆಲ್ಲ ನಮ್ಮ ಮಹಡಿಯಲ್ಲೇ ಇಳಿದುಕೊಳ್ಳುತ್ತಾರೆ. ಇಪ್ಪತ್ತು ವರ್ಷದ ಒಡನಾಟ ಅದು. ನನ್ನ ಹೆಂಡತಿಗೆ ಆಪರೇಷನ್ ಆದಾಗ ಆ ಹುಡುಗಿಯ ಅಮ್ಮ ಅಂಗಡಿ ಮುಚ್ಚಿ ಬಂದು ಮೂರು ದಿನ ಆಸ್ಪತ್ರೆಯಲ್ಲಿ ಕೂತಿದ್ದಳು. ಹಾಗಾಗಿ ಮಗಳಿಗೆ ಇಲ್ಲಿ ಸೀಟು ಸಿಕ್ಕಾಗ, ಕಾಲೇಜಿನ ಅರ್ಜಿಯಲ್ಲಿ ಲೋಕಲ್ ಗಾರ್ಡಿಯನ್ ಅನ್ನೋ ಜಾಗದಲ್ಲಿ ನಾನು ಸಹಿ ಹಾಕಿದೆ. ಆ ಒಂದು ಸಹಿಗೆ ನಾನು ಎಷ್ಟು ಬೆಂಚು ಸವೆಸಿದ್ದೇನೆ ಅಂತ ಹೇಳೋಕೇ ಈ ಪತ್ರ.

ನಿಯಮ ನಿಮಗೆ ಗೊತ್ತೇ ಇರುತ್ತೆ. ವಿದೇಶಿಯರನ್ನು ಮನೆಯಲ್ಲಿ ಇಟ್ಟುಕೊಂಡರೆ 24 ಗಂಟೆಯೊಳಗೆ ತಿಳಿಸಬೇಕು, ಸಿ ಫಾರ್ಮ್ ಅಂತ ನಾವೆಲ್ಲ ಕೇಳಿರೋದು ಅದನ್ನೇ. 1946ರ ವಿದೇಶಿಯರ ಕಾಯ್ದೆ ಹೋಗಿ 2025ರ ಸೆಪ್ಟೆಂಬರ್ 1ರಿಂದ ಹೊಸ ಕಾಯ್ದೆ ಬಂದಿದೆ, ಅದೂ ನಿಮಗೆ ಗೊತ್ತು. ನನಗೆ ಗೊತ್ತಾಗಿದ್ದು ಪೇಪರ್ ಓದಿ. ಆದರೆ ಈ ಹುಡುಗಿ ಇಲ್ಲೇ ಹುಟ್ಟಿದವಳು, ಕೈಯಲ್ಲಿ ಆರ್‌ಸಿ ಇದೆ. ಆರ್‌ಸಿ ಅಂದರೆ ಗಾಡಿಯದಲ್ಲ, ಟಿಬೆಟಿಯನ್ನರಿಗೆ ಸರ್ಕಾರವೇ ಕೊಡುವ ನೋಂದಣಿ ಪತ್ರ. (ಒಂದು ಕೌಂಟರಿನಲ್ಲಿ ನಿಜವಾಗಿಯೂ ಗಾಡಿ ನಂಬರ್ ಕೇಳಿದರು, ತಮಾಷೆ ಅಲ್ಲ.) ಇಂಥವಳಿಗೂ ಆ ಫಾರ್ಮ್ ಬೇಕಾ, ಬೇಡವಾ? ನನ್ನ ಪ್ರಶ್ನೆ ಇಷ್ಟೇ ಇತ್ತು.

ಮೊದಲು ಹೋದ ಕಚೇರಿಯಲ್ಲಿ ಬೇಕು ಅಂದರು. ಎರಡನೇ ಕಡೆ ಬೇಡ ಅಂದರು. ಮೂರನೇ ಕಡೆ ಆನ್‌ಲೈನ್ ಅಂದರು. ಸೈಬರ್ ಸೆಂಟರಿನ ಹುಡುಗ ಅರ್ಧ ಗಂಟೆ ಒದ್ದಾಡಿದ. ಪಾಸ್‌ಪೋರ್ಟ್ ನಂಬರ್ ಹಾಕದೆ ಮುಂದಕ್ಕೆ ಹೋಗಲ್ಲ ಅಂಕಲ್ ಅಂದ, ಐವತ್ತು ರೂಪಾಯಿ ತಗೊಂಡ. ಪಾಸ್‌ಪೋರ್ಟ್ ಇದ್ದಿದ್ದರೆ ನಾನ್ಯಾಕಪ್ಪ ನಿನ್ನ ಹತ್ರ ಬರುತ್ತಿದ್ದೆ? ವಾಪಸ್ ಮೊದಲನೇ ಕಚೇರಿಗೆ ಹೋದೆ. ಅಲ್ಲಿದ್ದವರು ಕತ್ತೆತ್ತಿ ನೋಡಿ, "ನಿಮಗ್ಯಾಕೆ ಬೇಕಿತ್ತು ಸಾರ್ ಇದೆಲ್ಲ?" ಅಂದರು.

ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದೆನೋ ಲೆಕ್ಕ ಬಿಟ್ಟಿದ್ದೇನೆ. ಆದರೆ ಆ ರಾತ್ರಿಯದನ್ನು ಮಾತ್ರ ಹೇಳಲೇಬೇಕು.

ಕಳೆದ ನವೆಂಬರ್. ರಾತ್ರಿ ಒಂಬತ್ತೂವರೆ. ನಾನು ಸಕ್ಕರೆ ಕಾಯಿಲೆ ಮಾತ್ರೆ ನುಂಗಿ ತಟ್ಟೆ ಮುಂದೆ ಕೂತಿದ್ದೆ. ಮುದ್ದೆ ಮುರಿದಿದ್ದೆ ಅಷ್ಟೆ. ಇಬ್ಬರು ಬಂದು ಗೇಟು ಬಡಿದರು. "ಮೇಲೆ ಚೀನಾದ ಹುಡುಗಿ ಇದ್ದಾಳಂತೆ, ವೀಸಾ ತೋರಿಸಿ." ಅಕ್ಕಪಕ್ಕದ ಮನೆಯ ಲೈಟುಗಳೆಲ್ಲ ಹೊತ್ತಿಕೊಂಡವು. ಹುಡುಗಿ ಮೆಟ್ಟಿಲಿಳಿದು ಬಂದಳು, ಕೈಯಲ್ಲಿ ಅನಾಟಮಿ ಪುಸ್ತಕ ಹಾಗೇ ಇತ್ತು. "ಸರ್, ನಾ ಚೀನಾದಾಕಿ ಅಲ್ರೀ, ಮುಂಡಗೋಡದಾಗ ಹುಟ್ಟೀನ್ರೀ" ಅಂದಳು. ಅವಳ ಕನ್ನಡ ನಮ್ಮ ದುರ್ಗದ ಕನ್ನಡಕ್ಕಿಂತ ಗಟ್ಟಿ. ಬಂದವರಿಗೆ ಅದೇ ಅನುಮಾನ ಆಯಿತೋ ಏನೋ, ಇಷ್ಟು ಚೆನ್ನಾಗಿ ಕನ್ನಡ ಎಲ್ಲಿ ಕಲಿತೆ ಅಂತ ಕೇಳಿದರು. ಆರ್‌ಸಿ ಪುಸ್ತಕ ತಿರುಗಾಮುರುಗಾ ನೋಡಿ, ಇದರಲ್ಲಿ ಸೀಲು ಮಸುಕಾಗಿದೆ ಅಂದರು. ಸೀಲು ಹಾಕಿದ್ದು ಅವಳಾ?

ಅವಳನ್ನು ಬಿಟ್ಟು ನನ್ನನ್ನು ಕರೆದುಕೊಂಡು ಹೋದರು. ಅದೊಂದು ಪುಣ್ಯ. ಠಾಣೆಯಲ್ಲಿ ಮೂರೂವರೆ ಗಂಟೆ ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಬೈಕ್ ಕದ್ದು ಸಿಕ್ಕಿಬಿದ್ದ ಹುಡುಗ. "ಅಜ್ಜಾ, ನಿಂದು ಯಾವ ಕೇಸು?" ಅಂತ ಕೇಳಿದ. ಏನಂತ ಹೇಳಲಿ? ಮಾತ್ರೆ ನುಂಗಿ ಊಟ ಮಾಡದೆ ಹೋದವನಿಗೆ ಕೈ ನಡುಗೋಕೆ ಶುರುವಾಗಿತ್ತು. ಆ ಹುಡುಗನೇ ಜೇಬಿನಿಂದ ಒಂದು ಪೆಪ್ಪರ್‌ಮೆಂಟ್ ತೆಗೆದು ಕೊಟ್ಟ. ಇಡೀ ಪ್ರಕರಣದಲ್ಲಿ ನನಗೆ ಸಿಕ್ಕ ನೆರವು ಅಂದರೆ ಅದೊಂದೇ, ಜಿಲ್ಲಾಧಿಕಾರಿಗಳೇ.

ರಾತ್ರಿ ಒಂದು ಗಂಟೆಗೆ ಹೋಗಿ ಅಂದರು. ನಾನು ಮೊದಲೇ ಮೂರು ಸಲ ತಿಳಿಸೋಕೆ ಬಂದಿದ್ದೆ ಅಂದೆ. ಸ್ವೀಕೃತಿ ಇದೆಯಾ ಅಂದರು. ಸ್ವೀಕೃತಿ ಕೊಡಿ ಅಂತ ಅವತ್ತು ಕೇಳಿದ್ದಕ್ಕೇ ಅಲ್ವಾ ಬೈಸಿಕೊಂಡಿದ್ದು!

ನನಗೆ ಯಾರ ಮೇಲೂ ಕ್ರಮ ಬೇಡ. ಆ ಪೊಲೀಸರಿಗೂ ಯಾರೂ ಹೇಳಿಕೊಟ್ಟಿಲ್ಲ, ನನಗೂ ಯಾರೂ ಹೇಳಿಕೊಟ್ಟಿಲ್ಲ. ಹೇಳಿಕೊಡಿ. ಅಷ್ಟೇ ಕೇಳುತ್ತಿರೋದು.

ನನ್ನ ಅಕ್ಕನ ಮಗ ಕೆನಡಾದಲ್ಲಿದ್ದಾನೆ. ಅಲ್ಲಿ ಐದು ಜನ ಸಾಮಾನ್ಯ ನಾಗರಿಕರು ಸೇರಿಕೊಂಡು ಒಂದು ನಿರಾಶ್ರಿತ ಕುಟುಂಬವನ್ನು ಕರೆಸಿಕೊಳ್ಳಬಹುದಿತ್ತು. ಒಂದು ವರ್ಷ ಅವರ ಬಾಡಿಗೆ, ದಿನಸಿ, ಮಕ್ಕಳ ಶಾಲೆ ಎಲ್ಲ ಆ ಐವರ ಜವಾಬ್ದಾರಿ. ವಿಯೆಟ್ನಾಂ, ಕಾಂಬೋಡಿಯಾ ಕಡೆಯಿಂದ ಜನ ದೋಣಿ ಹತ್ತಿ ಬರುತ್ತಿದ್ದ 1979ರ ಹೊತ್ತಿಗೆ ಶುರುವಾಗಿದ್ದು ಇದು. ನಮ್ಮ ಹುಡುಗ ಸಿರಿಯಾದ ಒಂದು ಸಂಸಾರಕ್ಕೆ ಹೀಗೆ ನಿಂತ. ಹಾಗೆ ನಿಲ್ಲುವವರಿಗೆ ಅಂತಲೇ ಅಲ್ಲಿ ಸರ್ಕಾರದ ದುಡ್ಡಿನಲ್ಲಿ ತರಬೇತಿ ಇದೆ. ಅರ್ಜಿ ತುಂಬೋದು ಹೇಗೆ, ಬಂದವರಿಗೆ ಬ್ಯಾಂಕ್ ಖಾತೆ ಮಾಡಿಸೋದು ಹೇಗೆ, ಅವರು ರಾತ್ರಿ ನಿದ್ದೆ ಮಾಡದೆ ಅತ್ತರೆ ಯಾರಿಗೆ ಫೋನ್ ಮಾಡಬೇಕು. ಇನ್ನೊಂದು ಹೇಳಿಕೊಡುತ್ತಾರಂತೆ: ಸಹಾಯ ಮಾಡಿದ್ದೀರಿ ಅಂತ ಅವರ ದುಡ್ಡಿಗೆ, ಅವರ ಬದುಕಿಗೆ ನೀವು ಯಜಮಾನರಾಗಬೇಡಿ. ಈ ಮಾತು ನನಗೂ ಯಾರಾದರೂ ಮೊದಲೇ ಹೇಳಿದ್ದರೆ ಚೆನ್ನಾಗಿತ್ತು. ಮಂಡಕ್ಕಿ ಮಿರ್ಚಿ ತಿನ್ನೋಕೆ ಗೆಳತಿಯರ ಜತೆ ಹೋಗಿ ಎಂಟು ಗಂಟೆಗೆ ಬಂದಳು ಅಂತ ಆ ಹುಡುಗಿಯ ಮೇಲೆ ಕೂಗಾಡಿದ್ದೇನೆ. ಗಾರ್ಡಿಯನ್ ಅಂದರೆ ಏನು ಅಂತ ನನಗೂ ಸರಿಯಾಗಿ ಗೊತ್ತಿಲ್ಲ ನೋಡಿ.

ಕೆನಡಾದವರು 2024ರ ಕೊನೆಯಲ್ಲಿ ಐವರ ಗುಂಪಿನ ಹೊಸ ಅರ್ಜಿಗಳನ್ನು ನಿಲ್ಲಿಸಿದರು, ಅರ್ಜಿ ರಾಶಿ ಬಿದ್ದಿದೆ ಅಂತ. ಅವರದೂ ಸ್ವರ್ಗ ಅಲ್ಲ ಬಿಡಿ. ನಮ್ಮ ದೇಶದಲ್ಲಿ ಅಂಥ ಪದ್ಧತಿಯೇ ಇಲ್ಲ, ನಿರಾಶ್ರಿತರಿಗೆ ಅಂತ ಪ್ರತ್ಯೇಕ ಕಾಯ್ದೆ ಇಲ್ಲ, ನಿರಾಶ್ರಿತರ ಬಗ್ಗೆ 1951ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದಕ್ಕೆ ನಾವು ಸಹಿ ಹಾಕಿಲ್ಲ. ಅದೆಲ್ಲ ದಿಲ್ಲಿಯ ಮಾತು. ನಾನು ಕೇಳುತ್ತಿರೋದು ಬಿ.ಡಿ. ರಸ್ತೆಯ ಯಾವುದಾದರೂ ಒಂದು ಸಭಾಂಗಣದಲ್ಲಿ ಒಂದು ಮಧ್ಯಾಹ್ನ.

ಹಣ ಇಲ್ಲ ಅನ್ನಬೇಡಿ. ಚುನಾವಣೆ ಡ್ಯೂಟಿಗೆ ನನ್ನನ್ನು ಎರಡೆರಡು ಸಲ ತರಬೇತಿಗೆ ಕರೆದಿದ್ದಾರೆ. ಬಟನ್ ಒತ್ತಿದರೆ ಬೀಪ್ ಅನ್ನುತ್ತೆ ಅಂತ ಹೇಳೋಕೆ ಇಡೀ ದಿನ, ಜತೆಗೆ ಪಲಾವು. ಅಣಬೆ ಬೆಳೆಯೋರಿಗೆ, ಜೇನು ಸಾಕೋರಿಗೆ ತರಬೇತಿ ಇದೆ. ಮನುಷ್ಯರನ್ನು ಮನೆಯಲ್ಲಿ ಇಟ್ಟುಕೊಂಡವರಿಗೆ ಇಲ್ಲ. ಪಲಾವು ಬೇಡ ನಮಗೆ, ಮನೆಯಲ್ಲೇ ಉಂಡು ಬರುತ್ತೇವೆ.

ಇದು ನನ್ನ ಟೇಬಲ್ ಅಲ್ಲ, ಎಸ್‌ಪಿ ಸಾಹೇಬರದ್ದು ಅಂತಲೂ ಅನ್ನಬೇಡಿ. 31 ವರ್ಷ ನಾನೂ ಅದೇ ಮಾತು ಹೇಳಿ ಜನರನ್ನು ಸಾಗಹಾಕಿದವನೇ. ನೀವಿಬ್ಬರೂ ಒಂದೇ ಮೀಟಿಂಗಿನಲ್ಲಿ ಕೂರುವವರು. ಟೀ ಬರೋದರೊಳಗೆ ಮುಗಿಯುವ ಮಾತು ಇದು.

ಇನ್ನೊಂದು ನೆನಪಿಸಲೇ? ಮುಂಡಗೋಡದಲ್ಲಿ ಟಿಬೆಟಿಯನ್ನರಿಗೆ ನೆಲೆ ಸಿಕ್ಕಿದ್ದು 1966ರಲ್ಲಿ. ಆಗ ಮುಖ್ಯಮಂತ್ರಿ ಆಗಿದ್ದವರು ಎಸ್. ನಿಜಲಿಂಗಪ್ಪನವರು, ನಮ್ಮ ದುರ್ಗದವರು. ಊರ ಹತ್ತಿರದ ಸೀಬಾರದಲ್ಲಿ ಅವರ ಸಮಾಧಿ ಇದೆ. ಆ ಹುಡುಗಿಯ ಅಪ್ಪ ಪ್ರತಿ ವರ್ಷ ಬಸ್ಸಿಳಿದು ಮೂಟೆ ಇಟ್ಟವನೇ ಅಲ್ಲಿಗೆ ಹೋಗಿ ಬಿಳಿ ಶಾಲು ಇಟ್ಟು ಬರುತ್ತಾನೆ. ನಾನು ಇದೇ ಊರಲ್ಲಿ ಹುಟ್ಟಿ ಬೆಳೆದವನು, ಅವನ ಜತೆ ಒಂದು ಸಲ ಹೋಗಿದ್ದೇನೆ, ಅದೂ ಅವನು ಕರೆದಿದ್ದಕ್ಕೆ. ಅವರು ಕೊಟ್ಟ ನೆಲದಲ್ಲಿ ಹುಟ್ಟಿದ ಮಗುವಿಗೆ ಅವರ ಊರಲ್ಲೇ ವೀಸಾ ಕೇಳಿದರು ಅಂತ ನಾನು ಆ ಅಪ್ಪನಿಗೆ ಇನ್ನೂ ಹೇಳಿಲ್ಲ. ಮಗಳೂ ಹೇಳಿಲ್ಲವಂತೆ.

ಒಂದು ಮಧ್ಯಾಹ್ನ. ನನ್ನಂಥವರು ಈ ಊರಲ್ಲಿ ಇನ್ನೂ ನಾಲ್ಕೈದು ಜನ ಇದ್ದೇವೆ, ಕರೆದರೆ ಎಲ್ಲರೂ ಬರುತ್ತೇವೆ. ಠಾಣೆಯವರೂ ಬರಲಿ. ಯಾವ ಕಾಗದ, ಎಷ್ಟು ದಿನದೊಳಗೆ, ಯಾರ ಕೈಗೆ, ಸ್ವೀಕೃತಿ ಯಾರು ಕೊಡುತ್ತಾರೆ ಅಂತ ಹೇಳಿಕೊಡಿ. ರಾತ್ರಿ ಒಂಬತ್ತೂವರೆಗೆ ಗೇಟು ಬಡಿದರೆ ಫೋನ್ ಎತ್ತುವ ಒಬ್ಬ ಅಧಿಕಾರಿಯ ನಂಬರ್ ಕೊಡಿ. ಅದನ್ನೆಲ್ಲ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ. ಅದು ಕನ್ನಡದಲ್ಲಿರಲಿ, ಆ ಹುಡುಗಿಗೂ ಓದೋಕೆ ಬರುತ್ತೆ.

ಇಂತಿ,
ಮಹಡಿ ಮನೆಯ ಮಾಲೀಕ
ಚಿತ್ರದುರ್ಗ